ಕಮಲಾಪುರದ ಕೆಸ್ಕಿಯಾರ್ವೊ

ರಾತ್ರಿ ಬಹಳ ಹೊತ್ತಾದ ಮೇಲೆ ಕಲಬುರಗಿಯ ಬ್ರಹ್ಮಪುರ ಓಣಿಯ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ 'ಲೊಚ್' ಎಂದು ಸಣ್ಣದೊಂದು ಸಪ್ಪಳವಾಯಿತು.

ಒಳಗೆ ಮಲಗಿದ್ದ ಭಾಗೀರಥಿಬಾಯಿ ತಟ್ಟನೆ ಎದ್ದು ಕುಳಿತು, ಬೆರಳಿನಿಂದ ನೆಲ ಬಡಿದು "ಕೃಷ್ಣ ಕೃಷ್ಣ" ಎಂದರು. ಹಲ್ಲಿ ಲೊಚಗುಟ್ಟಿದಾಗ ಹಾಗೆ ಅನ್ನುವುದು ಆ ಮನೆಯ ರೂಢಿ.

"ಮುಕುಂದಾ, ಯಾವ ದಿಕ್ಕಿನ್ಯಾಗ ನುಡೀತೋ ಅದು?"

"ಹಲ್ಲಿ ಅಲ್ಲವ್ವಾ, ಕಂಪ್ಯೂಟರಿನ ಗುಂಡಿ. ನೀ ಮಲಕೋ."

"ಯಾವುದಾದ್ರೇನು, ನುಡಿದದ್ದು ನುಡೀತಲ್ಲ. ನೀ ಮನಸಿನ್ಯಾಗ ಏನು ಅನ್ಕೊಂಡಿದ್ದಿ ಅದು ಖರೆ ಆಗ್ತದ ನೋಡು."

ಮುಕುಂದ ಮನಸ್ಸಿನಲ್ಲಿ ಅಂದುಕೊಂಡಿದ್ದು ಇಷ್ಟೇ: ನಾಳೆಯ ವರದಿ ಕನ್ನಡದಲ್ಲಿ ಹೊರಬರಲಿ.

ಹೊಸ ಶತಮಾನ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಮುಕುಂದ ಊರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಕಿಸಂಖ್ಯೆಯ ಸಹಾಯಕನಾಗಿದ್ದ. ಹಂಗಾಮಿ. ಸೇರಿ ತಲೆಯ ಕೂದಲು ಅರ್ಧ ಉದುರಿದ್ದರೂ ಹಂಗಾಮಿ. ಹಂಗಾಮಿ ನೌಕರನಿಗೆ ಖಾಯಂ ಹೆಂಡತಿಯನ್ನು ಯಾರೂ ಕೊಡುವುದಿಲ್ಲವಾದ್ದರಿಂದ ಮದುವೆಯೂ ಆಗಿರಲಿಲ್ಲ. ಅವನ ವಿಭಾಗಕ್ಕೆ ಕಂಪ್ಯೂಟರು ಬಂದಿತ್ತು, ಅದಕ್ಕೆ ಹೊದಿಸಲು ಹೂವಿನ ಚಿತ್ರದ ಬಟ್ಟೆ ಬಂದಿತ್ತು, ನಡೆಸುವವರು ಮಾತ್ರ ಬಂದಿರಲಿಲ್ಲ. ಆದ್ದರಿಂದ ಬಟ್ಟೆ ತೆಗೆಯುವ ಕೆಲಸಕ್ಕಿದ್ದ ಮುಕುಂದನೇ ಯಂತ್ರವನ್ನೂ ನಡೆಸತೊಡಗಿದ್ದ.

ಆ ವರ್ಷ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಗುರುರಾಜರು ಕಮಲಾಪುರದ ಜನರ ರಕ್ತ ಪರೀಕ್ಷೆ ಮಾಡಿಸಿದ್ದರು. ಯಾರ ಮೈಯಲ್ಲಿ ರಕ್ತದ ಕಸುವು ಎಷ್ಟಿದೆ ಎಂದು ಅಳೆಯುವ ಸಮೀಕ್ಷೆ ಅದು. ಕಸುವು ಕಡಿಮೆ ಇದ್ದವರಿಗೆ ಸರಕಾರ ಕಬ್ಬಿಣಾಂಶದ ಮಾತ್ರೆ ಕೊಡಬೇಕಿತ್ತು. ಎಲ್ಲ ಸುಸೂತ್ರವಾಗಿ ನಡೆದಿರುವಾಗ ಜಿಲ್ಲಾ ಕಚೇರಿಯ ಸಾಹೇಬರು, ಊರವರ ಮುಂದೆ ಓದುವ ವರದಿ ಕನ್ನಡದಲ್ಲಿ ಇರತಕ್ಕದ್ದು ಎಂದು ಹೇಳಿ ಕಳಿಸಿದರು. ಇಂಗ್ಲಿಷಿನಲ್ಲಿಯೇ ಕೆಮ್ಮಿ ಇಂಗ್ಲಿಷಿನಲ್ಲಿಯೇ ಸೀನುತ್ತಿದ್ದ ಗುರುರಾಜರು ಬೆವತುಹೋದರು.

ಆಗ ಚಹಾದ ಬಟ್ಟಲು ಹಿಡಿದು ನಿಂತಿದ್ದ ಮುಕುಂದ ಬಾಯಿ ಬಿಟ್ಟ. "ಅದೇನು ದೊಡ್ಡ ಮಾತಲ್ರಿ ಸರ್. ನಮ್ಮ ಸಾಫ್ಟ್‌ವೇರಿನ್ಯಾಗ ಭಾಷಾ ಬದಲಿ ಮಾಡೋ ಸೆಟ್ಟಿಂಗ್ ಅದ. ಒಂದು ಗುಂಡಿ ಒತ್ತಿದ್ರ ಲೆಕ್ಕದ ಕೋಷ್ಟಕ ಎಲ್ಲಾ ಬೇಕಾದ ಭಾಷಾದಾಗ ಬೀಳ್ತಾವ."

"ಕನ್ನಡದಾಗೂ?"

"ಕನ್ನಡ ಏನು, ನೀವು ಹೂಂ ಅನ್ರಿ, ಹಳಗನ್ನಡದಾಗ ತೆಗೀತೀನಿ."

ಅವನು ಆ ಸೆಟ್ಟಿಂಗನ್ನು ಹೊರಗಿನಿಂದ ನೋಡಿದ್ದು ನಿಜ. ತೆರೆದು ನೋಡಿರಲಿಲ್ಲ. ದೊಡ್ಡವರ ಮನೆಯ ಬಾಗಿಲನ್ನು ಬೀದಿಯಿಂದ ನೋಡಿ, ಒಳಗೆ ತಮಗೆ ಊಟ ಇದ್ದೇ ಇರುತ್ತದೆ ಎಂದು ನಂಬುವ ಜನರಲ್ಲಿ ಅವನೂ ಒಬ್ಬ.

ಈಗ, ಯಂತ್ರವನ್ನು ಮನೆಗೇ ಹೊತ್ತು ತಂದು, ಬಾಗಿಲು ತೆರೆದರೆ ಊಟದ ಸಾಲಿನಲ್ಲಿ ಕನ್ನಡವೇ ಇಲ್ಲ. ಯಾವ ಯಾವುದೋ ದೇಶದ ಭಾಷೆಗಳ ಹೆಸರು ಒಂದರ ಕೆಳಗೊಂದು ಕೂತಿದ್ದವು. ಬೇರೆಯವನಾಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದ. ಆದರೆ ಮುಕುಂದ ಸರಕಾರಿ ನೌಕರರ ನಡುವೆ ಬೆಳೆದವನು. ವರ್ಗಾವಣೆಯ ಗುಟ್ಟು ಅವನಿಗೆ ಗೊತ್ತಿತ್ತು. ರಾಯಚೂರಿನಲ್ಲಿದ್ದವನಿಗೆ ನೇರ ಕಲಬುರಗಿ ಸಿಗುವುದಿಲ್ಲ. ಮೊದಲು ಕೂತ ಜಾಗದಿಂದ ಏಳಬೇಕು, ಎಲ್ಲಿ ಹಾಕಿದರೂ ಹೋಗಬೇಕು, ಅಲ್ಲಿಂದ ಮುಂದೆ ಸ್ವಂತ ಊರಿಗೆ ದಾರಿ ತಾನಾಗಿ ಆಗುತ್ತದೆ. ಯಂತ್ರವೂ ಹಾಗೆಯೇ ಇರಬೇಕು, ಮೊದಲು ಇಂಗ್ಲಿಷಿನಿಂದ ಎಬ್ಬಿಸಿದರೆ ಆಯಿತು, ಕನ್ನಡಕ್ಕೆ ಆಮೇಲೆ ತರೋಣ ಎಂದುಕೊಂಡು, ಕೈಗೆ ಸಿಕ್ಕ ಹೆಸರಿನ ಮೇಲೆ ಒತ್ತಿದ್ದ. ಅದೇ ಆ 'ಲೊಚ್'.

ಪರದೆ ಒಮ್ಮೆ ರೆಪ್ಪೆ ಬಡಿದು ಬದಲಾಯಿತು. ಅಕ್ಷರಗಳು ಇಂಗ್ಲಿಷಿನವೇ, ಆದರೆ ಕೆಲವು ಅಕ್ಷರಗಳು ಹಣೆಗೆ ಎರಡೆರಡು ಬೊಟ್ಟು ಇಟ್ಟುಕೊಂಡಿದ್ದವು. ಕೋಷ್ಟಕ ಮಾತ್ರವಲ್ಲ, ಭಾಷೆ ಬದಲಿಸುವ ಬಾಗಿಲಿನ ಹೆಸರೂ ಅದೇ ಭಾಷೆಗೆ ಹೊರಟುಹೋಗಿತ್ತು. ಎಷ್ಟು ಹುಡುಕಿದರೂ ಮುಕುಂದನಿಗೆ ಕನ್ನಡದ ದಾರಿಯೂ ಸಿಗಲಿಲ್ಲ, ಬಂದ ದಾರಿಯೂ ಸಿಗಲಿಲ್ಲ.

ಬೆಳಿಗ್ಗೆ ಯಂತ್ರದ ಡಬ್ಬಿಯನ್ನು ಆಟೋದಲ್ಲಿ ಹಾಕಿಕೊಂಡು ರೋಜಾ ಬಡಾವಣೆಗೆ ಓಡಿದ. ಅಲ್ಲಿ ಗೆಳೆಯ ಬುರ್ಹಾನುದ್ದೀನನ ಝೆರಾಕ್ಸ್ ಅಂಗಡಿ. ಆ ಸಾಫ್ಟ್‌ವೇರಿನ ಸಿಡಿ ಕೊಟ್ಟವನೂ ಅವನೇ, ವರದಿ ಮುದ್ರಿಸಿ ಕೊಡುವವನೂ ಅವನೇ.

ಮುದ್ರಕದಿಂದ ಹೊರಬಂದ ಹಾಳೆಯನ್ನು ಬುರ್ಹಾನ್ ತಿರುವಿ ತಿರುವಿ ನೋಡಿದ. "ಅರೆ ಮುಕುಂದರಾವ್, ಇದು ಕನ್ನಡ ಅಲ್ಲ, ಅಂಗ್ರೇಜಿ ಅಲ್ಲ, ಉರ್ದು ಅಂತೂ ಮೊದಲೇ ಅಲ್ಲ. ಇದು ಯಾವ ಮುಲುಕ್‌ನದೋ ಭಾಯಿ?"

"ನನಗೇನು ಕೇಳ್ತಿ? ಸಿಡಿ ನಿಂದಲ್ಲೇನು?"

"ಸಿಡಿ ನಂದು, ಜುಬಾನ್ ನಂದಲ್ಲ. ಸಂಜೀಕ ಬಾ. ಪೂರಾ ಕಿತ್ತಿ ಮತ್ತ ಹೊಸದಾಗಿ ಹಾಕ್ತೀನಿ."

"ಸಂಜೀಕ? ಡಾಕ್ಟರ್ ಸಾಹೇಬರ ಜೀಪು ಹೊರಗ ನಿಂತದಲ್ಲೋ ಮಾರಾಯಾ!"

ಅದಕ್ಕೆ ಸಾಕ್ಷಿಯಾಗಿ ಜೀಪು ಭೋಂ ಎಂದು ಕೂಗಿತು.

ಕಮಲಾಪುರದ ದಾರಿಯಲ್ಲಿ ಕಪನೂರ ದಾಟುವವರೆಗೆ ಮುಕುಂದ ಹಾಳೆಗಳನ್ನು ಎದೆಗೆ ಅವಚಿಕೊಂಡು ಕೂತಿದ್ದ. ಗುರುರಾಜರು ಕೈ ಚಾಚಿದರು. ತೆಗೆದುಕೊಂಡರು. ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು.

"ಇದು ಕನ್ನಡ ಅಲ್ಲ."

"ಅಲ್ರಿ ಸರ್."

"ಮತ್ತ?"

ಮುಕುಂದನ ಖಾಯಂ ಆಗುವ ಕಡತ ಈ ಮನುಷ್ಯನ ಮೇಜಿನ ಮೇಲಿತ್ತು. "ನೀವು ದೊಡ್ಡವರು. ನೋಡಿದ ಕೂಡಲೇ ನಿಮಗ ಗೊತ್ತಾಗಿರ್ತದ್ರಿ ಸರ್."

ಇದು ಮುಕುಂದನ ಬಾಯಿಂದ ಬರಬಾರದಿದ್ದ ಮಾತು. ಯಾಕೆಂದರೆ ವಿದ್ಯಾವಂತನಿಗೆ 'ನಿಮಗೆ ಗೊತ್ತೇ ಇರುತ್ತದೆ' ಎಂದುಬಿಟ್ಟರೆ ಅವನು ಗೊತ್ತಿಲ್ಲ ಎನ್ನುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ. ಗುರುರಾಜರು ಹಾಳೆಯನ್ನು ದೂರ ಹಿಡಿದು, ಬಹಳ ದಿನಗಳ ಮೇಲೆ ಹಳೆಯ ಗೆಳೆಯನನ್ನು ಕಂಡವರಂತೆ ತಲೆದೂಗಿದರು.

"ಹೂಂ. ಲ್ಯಾಟಿನ್. ವೈದ್ಯಶಾಸ್ತ್ರದ ಮೂಲ ಭಾಷಾ. ಯಂತ್ರಕ್ಕ ಇದು ವೈದ್ಯಕೀಯ ವಿಷಯ ಅಂತ ತಿಳದದ. ಶಾಣ್ಯಾ ಅದ."

"ಹೌದ್ರಿ ಸರ್," ಎಂದ ಮುಕುಂದ. ಅವನಿಗೆ ಜೀವ ಬಂದಂತಾಯಿತು. ಆ ಜೀವ ಕಮಲಾಪುರದವರೆಗೆ ಮಾತ್ರ ಇತ್ತು.

ಕಮಲಾಪುರದ ಪಂಚಾಯತಿ ಕಟ್ಟಡದಲ್ಲಿ ಊರೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಜಿಲ್ಲಾ ಕಚೇರಿಯ ಸಾಹೇಬರು, ಪಂಚಾಯತಿ ಸದಸ್ಯರಾದ ಯಂಕಪ್ಪ ಮತ್ತು ಅಕ್ಬರಿ ಬೇಗಂ. ಹೆಂಗಸರ ಕಡೆ ಮುಕುಂದನ ಅಕ್ಕ ಅನಸೂಯಾಬಾಯಿ, ತಮ್ಮನ ಯಂತ್ರದ ಪ್ರತಾಪ ನೋಡಲು ಹೊಸ ಸೀರೆ ಉಟ್ಟು ಕೂತಿದ್ದಳು. ಅವಳನ್ನು ಕೊಟ್ಟದ್ದು ಇದೇ ಊರಿಗೆ.

ಗುರುರಾಜರು ಎದ್ದು ನಿಂತು, ಕೋಷ್ಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಂಡ ಶಬ್ದವನ್ನು ಆರಿಸಿ, ಗಂಭೀರವಾಗಿ ಓದಿದರು. "ಕಮಲಾಪುರದ ಜನರಲ್ಲಿ ಕೆಸ್ಕಿಯಾರ್ವೊ ಹತ್ತು ಬಿಂದು ನಾಲ್ಕು."



ಸಾಹೇಬರು ಹುಬ್ಬು ಗಂಟು ಹಾಕಿದರು. "ವರದಿ ಕನ್ನಡದಲ್ಲಿರಬೇಕು ಅಂತ ಹೇಳಿದ್ದೆನಲ್ಲ ಡಾಕ್ಟರೇ?"

"ವರದಿ ಕನ್ನಡದಾಗೇ ಅದ ಸರ್. ರೋಗದ ಹೆಸರಿಗೆ ಕನ್ನಡ ಎಲ್ಲಿಂದ ತರೋದು?"

"ಅದೂ ನಿಜ," ಎಂದು ಸಾಹೇಬರು ಬರೆದುಕೊಂಡರು.

ರೋಗ! ಯಂಕಪ್ಪ ಪಟಕಾ ಸರಿಪಡಿಸಿಕೊಂಡು ಎದ್ದ. "ಯಪ್ಪಾ ಸಾಹೇಬ್ರ, ಅದು ಅಂಟತೈತೇನ್ರಿ?"

"ಅಧ್ಯಯನ ನಡದದ."

"ಸಾಹೇಬ್," ಎಂದರು ಅಕ್ಬರಿ ಬೇಗಂ, "ಗಂಡಸರಿಗೆ ಜಾಸ್ತಿ ಏನು ಹೆಂಗಸರಿಗೆ ಜಾಸ್ತಿ?"

ಗುರುರಾಜರು ಹಾಳೆಯ ಮೇಲೆ ಬೆರಳಾಡಿಸಿದರು. "ಗಂಡಸರಲ್ಲಿ ಹನ್ನೆರಡರ ಮೇಲೆ. ಹೆಂಗಸರಲ್ಲಿ ಹತ್ತು. ಬಸುರಿಯರಲ್ಲಿ ಒಂಬತ್ತೂ ಇಲ್ಲ. ಬಸುರಿಯರು ಅದೃಷ್ಟವಂತರು."

"ನಾ ಹೇಳಿದ್ದಿಲ್ಲ?" ಅಕ್ಬರಿ ಬೇಗಂ ಗಂಡಸರ ಸಾಲಿನ ಕಡೆ ತಿರುಗಿದರು. "ದಿನಾ ಬಾಯಾಗ ಗುಟಕಾ, ರಾತ್ರಿ ಶಿಂದಿ. ಬರದೇ ಏನು ಬರ್ತದ ಮತ್ತ? ಕೆಸ್ಕಿ!"

ಅಂಕಿಗಳನ್ನು ಒಂದು ಗಳಿಗೆ ನೋಡಿದ್ದರೆ, ಇದು ತಾವೇ ಅಳೆಸಿದ ರಕ್ತದ ಕಸುವು, ಹೆಚ್ಚಿದ್ದಷ್ಟೂ ಒಳ್ಳೆಯದು, ಮಾತ್ರೆ ಬೇಕಾದದ್ದು ಆ ಒಂಬತ್ತೂ ಇಲ್ಲದವರಿಗೆ ಎಂದು ಗುರುರಾಜರಿಗೇ ತಿಳಿಯುತ್ತಿತ್ತು. ಆದರೆ ತಿಳಿಯದ ಭಾಷೆಯ ಮುಂದೆ ನಿಂತ ಪಂಡಿತನಿಗೆ ತಿಳಿದ ಅಂಕಿಯೂ ಮರೆತುಹೋಗುತ್ತದೆ. ಮುಕುಂದನಿಗೆ ಮಾತ್ರ ಆ ಕ್ಷಣದಲ್ಲಿ ಮಿಂಚು ಹೊಡೆದಂತಾಯಿತು. ಇಂಗ್ಲಿಷಿನಲ್ಲಿದ್ದಾಗ ಆ ಜಾಗದಲ್ಲಿ ಬರುತ್ತಿದ್ದದ್ದು 'ಸರಾಸರಿ' ಎಂಬ ಅರ್ಥದ ಬಡಪಾಯಿ ಶಬ್ದ! ಕೈ ಎತ್ತಿದ.

"ಸರ್, ಅದು..."

"ಮುಕುಂದ, ಚಹಾದ ವ್ಯವಸ್ಥಾ ನೋಡು."

ಮುಕುಂದ ಚಹಾದ ವ್ಯವಸ್ಥೆ ನೋಡಿದ. ಅವನು ಬಟ್ಟಲು ಹಂಚಿ ಮುಗಿಸುವಷ್ಟರಲ್ಲಿ, ಕೆಸ್ಕಿಯಾರ್ವೊ ಹೆಚ್ಚಾಗಿರುವ ಗಂಡಸರಿಗೆಲ್ಲ ಕಬ್ಬಿಣಾಂಶದ ಮಾತ್ರೆ ಹಂಚಬೇಕೆಂದು ಸಾಹೇಬರು ಆಜ್ಞೆ ಮಾಡಿಯಾಗಿತ್ತು. ಕಮಲಾಪುರದ ಗಂಡಸರು ಮಾತ್ರೆ ಒಯ್ದರು, ಒಂದು ನುಂಗಿ ಮುಖ ಕಿವುಚಿದರು. ಕಹಿಯಾದದ್ದನ್ನೆಲ್ಲ ಹೆಂಡತಿಗೆ ದಾಟಿಸುವ ಹಳೆಯ ಪದ್ಧತಿಯಂತೆ ಉಳಿದದ್ದನ್ನು ಮನೆಯವರ ಕೈಗೆ ಹಾಕಿದರು. ಹೀಗೆ ಮಾತ್ರೆಗಳು ಸೇರಬೇಕಾದ ಹೊಟ್ಟೆಯನ್ನೇ ಸೇರಿದವು. ನಮ್ಮ ಆಡಳಿತದಲ್ಲಿ ಒಳ್ಳೆಯ ಕೆಲಸ ಆಗುವುದು ಹೆಚ್ಚಾಗಿ ಈ ದಾರಿಯಿಂದಲೇ.

ರೋಗಕ್ಕೆ ಮಾತ್ರ ಜೀಪಿಗಿಂತ ಹೆಚ್ಚು ವೇಗ. ಸಂಜೆಯ ಪತ್ರಿಕೆಯೊಂದು 'ಕಮಲಾಪುರದಲ್ಲಿ ವಿಚಿತ್ರ ಕಾಯಿಲೆ' ಎಂದು ಬರೆಯಿತು. ಕಲಬುರಗಿಯ ಸಂತೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಹಾಗೇ ಉಳಿದವು. ಊರಿನ ಹೆಸರು ಕೂಗಿ ಕೂಗಿ ಮಾರುತ್ತಿದ್ದವರು ಈಗ, "ಇದು ಆ ಊರಿಂದಲ್ರೀ, ಬ್ಯಾರೆ ಕಡೀದು," ಎಂದು ಪಿಸುಗುಟ್ಟತೊಡಗಿದರು. ಬಸ್ಸಿನಲ್ಲಿ ಯಾರಾದರೂ ಕಮಲಾಪುರಕ್ಕೆ ಟಿಕೆಟ್ ಕೇಳಿದರೆ ಪಕ್ಕದವರು ಕಿಟಕಿಯ ಕಡೆ ಸರಿಯುತ್ತಿದ್ದರು.

ಒಂದು ಮಧ್ಯಾಹ್ನ ಅನಸೂಯಾಬಾಯಿ ಕೈಚೀಲ ಹಿಡಿದು ತವರಿಗೆ ಬಂದಿಳಿದಳು. ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಎಲ್ಲಿದ್ದಾನವಾ ನಿನ್ನ ಯಂತ್ರದ ಮಗಾ? ನನ್ನ ಮಗಳ ಲಗ್ನ ಮುರದು ಕೂತಾನಲ್ಲ!"

ಅವಳ ಮಗಳು ವೈಜಯಂತಿಗೆ ಬ್ರಹ್ಮಪುರದ್ದೇ ಸಂಬಂಧ ಕೂಡಿತ್ತು. ಟೆಲಿಫೋನ್ ಕಚೇರಿಯ ಬಂಡು, ಅವನ ತಾಯಿ ಇಂದೂಬಾಯಿ. ಹುಡುಗ ಹುಡುಗಿ ಒಪ್ಪಿದ್ದರು, ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು. ಈಗ ಇಂದೂಬಾಯಿ, 'ಕಮಲಾಪುರದ ರಕ್ತ ನಮ್ಮ ಮನೆತನಕ್ಕೆ ಬೇಡ' ಎಂದು ಹೇಳಿ ಕಳಿಸಿದ್ದರು.

"ಅಕ್ಕಾ, ಅದು ರೋಗ ಅಲ್ಲ..."

"ಡಾಕ್ಟರ್ ಹೇಳ್ಯಾರ, ಪೇಪರಿನ್ಯಾಗ ಬಂದದ, ನೀ ಅಲ್ಲ ಅಂತಿ? ಹುಡುಗಿ ಊಟ ಬಿಟ್ಟು ಮೂಲ್ಯಾಗ ಕೂತದ ಮುಕುಂದ್ಯಾ. ಇದನ್ನ ಬಗೆಹರಿಸಿದಿ ಸರಿ, ಇಲ್ಲಾಂದ್ರ ನನಗ ತಮ್ಮಾ ಇದ್ದಿದ್ದಿಲ್ಲ ಅನ್ಕೋತೀನಿ."

ಭಾಗೀರಥಿಬಾಯಿ ಸೊಂಟದ ಮೇಲೆ ಕೈಯಿಟ್ಟು ಮಗನ ಕಡೆ ನೋಡಿದರು.

ಮುಕುಂದ ಮೊದಲು ಗುರುರಾಜರ ಬಳಿ ಹೋದ. ಅವರು ವಿದೇಶದ ಸಮ್ಮೇಳನಕ್ಕೆ ಪ್ರಬಂಧ ಬರೆಯುತ್ತ ಕೂತಿದ್ದರು.

"ಸರ್, ಅದು ಸರಾಸರಿ ಅಂತ ಅರ್ಥರಿ. ಬರೇ ಸರಾಸರಿ."

ಗುರುರಾಜರು ಪೆನ್ನು ಕೆಳಗಿಟ್ಟರು. "ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲದ ರೋಗ ನಮ್ಮ ಜಿಲ್ಲಾದಾಗ ಸಿಕ್ಕದ. ಅದನ್ನ ಸರಾಸರಿ ಅಂತೀಯಲ್ಲ, ನಿನಗ ಊರಿನ ಅಭಿಮಾನ ಅದನೋ ಇಲ್ಲೋ?"

"ಅದ್ರಿ ಸರ್, ಆದ್ರ..."

"ನಿನ್ನ ಕಡತ ನನ್ನ ಮೇಜಿನ ಮ್ಯಾಲೇ ಅದ. ಇಲ್ಲೇ ಅದ. ನೋಡಿದೇನು?"

ಮುಕುಂದ ನೋಡಿದ. ಕಡತದ ಮೇಲೆ ಡಾಕ್ಟರರ ಊಟದ ಡಬ್ಬಿ ಇತ್ತು.

ಅಲ್ಲಿಂದ ನೇರ ಇಂದೂಬಾಯಿಯವರ ಮನೆಗೆ ಬಂದ. ಇಂದೂಬಾಯಿ ಹಸನ ಮಾಡುತ್ತಿದ್ದ ಜೋಳದ ಮೊರವನ್ನು ಪಕ್ಕಕ್ಕೆ ಸರಿಸಿ, ಅವನಿಗೆ ಒಂದು ಮಾರು ದೂರದಲ್ಲಿ ಮಣೆ ಹಾಕಿಸಿದರು. ಬಂಡು ಬಾಗಿಲ ಮರೆಯಲ್ಲಿ ನಿಂತಿದ್ದ. ಇಡೀ ಜಿಲ್ಲೆಯ ಮಾತು ಅವನ ಕೈಯಿಂದ ಹಾದುಹೋಗುತ್ತಿದ್ದರೂ ತಾಯಿಯ ಮುಂದೆ ಅವನ ಲೈನು ಯಾವಾಗಲೂ ಬಂದ್.

"ಇಂದೂಬಾಯಾರ, ನಿಮಗ ಖರೆ ಹೇಳ್ತೀನಿ. ಕೆಸ್ಕಿಯಾರ್ವೊ ಅಂದ್ರ ರೋಗಾ ಅಲ್ಲ. ಸರಾಸರಿ."

"ಸರಾಸರಿ ಅಂದ್ರ?"

"ಅಂದ್ರ ಊರಾಗಿನ ಎಲ್ಲಾರದೂ ಕೂಡಿಸಿ, ಎಲ್ಲಾರಿಗೂ ಸಮನಾಗಿ ಹಂಚೋದು."

ಇಂದೂಬಾಯಿ ತಲೆಯಾಡಿಸಿದರು. "ಹಂಗಾದ್ರ ನಿಮ್ಮ ಅಕ್ಕನ ಮಗಳಿಗೂ ಒಂದು ಪಾಲು ಬಂದದಲ್ಲರಿ."

ಲೆಕ್ಕದ ದೃಷ್ಟಿಯಿಂದ ಆಕೆ ಹೇಳಿದ್ದು ಸರಿಯಾಗಿಯೇ ಇತ್ತು.

"ಮುಕುಂದರಾವ, ನೀವು ಹುಡುಗಿ ಸೋದರಮಾವ. ಮುಚ್ಚಿಡೋದು ನಿಮ್ಮ ಧರ್ಮ, ತಪ್ಪು ಅನ್ನಂಗಿಲ್ಲ. ಆದ್ರ ನಮ್ಮ ಬ್ರಹ್ಮಪುರದಾಗ ಇಂಥಾದ್ದು ಒಂದು ಚೂರೂ ಇಲ್ಲ. ಮಠದಾಗ ನಿಮ್ಮ ಕಾಲೇಜಿನವರೇ ಶಿಬಿರ ಮಾಡಿ ನಮ್ಮೆಲ್ಲಾರ ಬೆರಳು ಚುಚ್ಚಿ ರಕ್ತಾ ಒಯ್ದಾರ. ನೋಡಿಕೊಂಡು ಬರ್ರಿ ಬೇಕಾದ್ರ. ಅದೇ ಭಾಷಾದಾಗ ತಗೊಂಡು ಬರ್ರಿ ಮತ್ತ. ಇಂಗ್ಲಿಷಿನ್ಯಾಗ ಎಲ್ಲಾ ಮುಚ್ಚಿ ಬರೀತಾರ."

ಮುಕುಂದ ರೋಜಾಕ್ಕೆ ಹೋದ. ಅಷ್ಟು ಹೊತ್ತಿಗೆ ಬುರ್ಹಾನ್ ಯಂತ್ರವನ್ನು ಕಿತ್ತು ಮತ್ತೆ ಹಾಕಿ, ಚೊಕ್ಕ ಇಂಗ್ಲಿಷಿಗೆ ತಂದಿಟ್ಟಿದ್ದ. 'ಸರಾಸರಿ' ತನ್ನ ಜಾಗದಲ್ಲಿ ಸಾಧುವಾಗಿ ಕೂತಿತ್ತು.

"ಮತ್ತ ಆ ಚುಕ್ಕಿ ಭಾಷಾಕ್ಕ ಹಾಕು," ಎಂದ ಮುಕುಂದ.

"ಹೋಶ್ ಅದನೋ ಇಲ್ಲೋ ನಿನಗ? ಈಗಷ್ಟೇ ಬಿಡಿಸೀನಿ!"

"ಹಾಕು ಭಾಯಿ. ಬೀಗರು ಕೇಳ್ಯಾರ."

"ಯಾ ಅಲ್ಲಾ," ಎಂದು ಬುರ್ಹಾನ್ ಪಟ್ಟಿ ತೆರೆದ. "ಇದೇನು? ಇದೇನು? ಇದು ನೋಡು, ಚುಕ್ಕಿ ಬಂದ್ವು." ಬ್ರಹ್ಮಪುರದ ಶಿಬಿರದ ಅಂಕಿಗಳು ಒಳಗೆ ಹೋದವು, ಹಾಳೆ ಹೊರಗೆ ಬಂತು. ಮುಕುಂದ ಅದನ್ನು ನೋಡಿದ. ಮಠದ ಹೋಳಿಗೆ ತುಪ್ಪದ ಮೇಲೆ ಬೆಳೆದ ಜನರ ರಕ್ತದಲ್ಲಿ ಕಸುವು ಹೇಗಿರಬೇಕೋ ಹಾಗೆಯೇ ಇತ್ತು.

ಸಂಜೆ ಇಂದೂಬಾಯಿ ದೇವರ ಮುಂದೆ ದೀಪ ಹಚ್ಚಿ ಬಂದು ಹಾಳೆಯನ್ನು ಕೈಗೆ ತೆಗೆದುಕೊಂಡರು. ಕಮಲಾಪುರದ ಹತ್ತು ಬಿಂದು ನಾಲ್ಕು ಅವರಿಗೆ ಬಾಯಿಪಾಠವಾಗಿತ್ತು, ಪತ್ರಿಕೆಯ ಕೃಪೆ. ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದು, ಒಂದು ಕಡೆ ನಿಲ್ಲಿಸಿದರು.

"ಇದೇ ಅಲ್ಲ, ಕೆಸ್ಕಿ?"

"ಹೌದ್ರಿ."

"ಹದಿಮೂರು ಬಿಂದು ಎರಡು."

"ಹೌದ್ರಿ."

"ಇದು... ಅವರಿಗಿಂತ ಹೆಚ್ಚಾತಲ್ಲ?"

ಮುಕುಂದ ಬಾಯಿ ತೆರೆದ. 'ಹೆಚ್ಚಾದರೆ ಒಳ್ಳೇದು, ನೀವು ಗಟ್ಟಿಮುಟ್ಟಾಗಿದ್ದೀರಿ' ಎನ್ನಬೇಕಿತ್ತು. ಆದರೆ ಹಾಗೆ ಹೇಳಿದರೆ, ಹುಡುಗಿಯ ಊರಿನಲ್ಲಿ ರಕ್ತವೇ ಕಡಿಮೆ ಎಂದು ಸಂಬಂಧ ಮತ್ತೊಮ್ಮೆ ಮುರಿಯುತ್ತಿತ್ತು, ಈ ಸಲ ಸರಿಯಾದ ಕಾರಣಕ್ಕೆ. ತೆರೆದ ಬಾಯಿಯಿಂದ ಅವನು, "ಹೆಚ್ಚು ಅದರಿ," ಎಂದಷ್ಟೇ ಅಂದ.

ಇಂದೂಬಾಯಿ ಎದ್ದು ಬೀದಿ ಬಾಗಿಲು ಹಾಕಿ ಬಂದರು. ಒಂದು ಮಾರು ದೂರದಲ್ಲಿದ್ದ ಮಣೆಯನ್ನು ತಾವೇ ಹತ್ತಿರ ಎಳೆದರು. ಧ್ವನಿ ಇಳಿಯಿತು.

"ನಿಮ್ಮ ಅಕ್ಕಗ ತೋರಿಸೀರೇನು ಇದನ್ನ?"

"ಇಲ್ರಿ."

"ಡಾಕ್ಟರಿಗೆ?"

"ಇಲ್ರಿ."

"ಶಾಣ್ಯಾರಿದ್ದೀರಿ." ಹಾಳೆ ನಾಲ್ಕು ಮಡಿಕೆಯಾಗಿ ಅವರ ಸೀರೆಯ ನಿರಿಗೆಯೊಳಗೆ ಮಾಯವಾಯಿತು. "ಹುಡುಗಿ ಛಲೋ ಅದ. ಹೆಸರಿಗೆ ಒಂದಿಷ್ಟು ಕೆಸ್ಕಿ ಇದ್ರೇನಾತು, ಮನುಷ್ಯರಿಗೆ ಬರದೇ ಮರಕ್ಕ ಬರ್ತದೇನು? ಅವರ ಕಡಿಮೀದು ನಮ್ಮ ಹೆಚ್ಚಿನದಕ್ಕ ಕೂಡಿದ್ರ ಮೊಮ್ಮಕ್ಕಳಿಗೆ ಹದವಾಗಿ ಬರ್ತದ. ಬರೋ ಗುರುವಾರ ನಿಶ್ಚಯ ಮಾಡಿಬಿಡೂಣ. ಬಂಡೂ, ಒಳಗ ಏನು ಮಾಡ್ತಿ, ಸೋದರಮಾವಗ ಚಹಾ ತಗೊಂಡ ಬಾ!"

ಬಂಡು ಬಂದ ವೇಗ ನೋಡಿದರೆ ಅವನಿಗೂ ವೈಜಯಂತಿಗೂ ಟೆಲಿಫೋನ್ ಕಚೇರಿಯಿಂದ ಬಿಟ್ಟಿ ಮಾತು ನಡೆಯುತ್ತಿತ್ತು ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಗುರುವಾರ ಕಮಲಾಪುರದಲ್ಲಿ ನಿಶ್ಚಯವಾಯಿತು. ಇಂದೂಬಾಯಿ ಹುಡುಗಿಯ ಉಡಿ ತುಂಬಿ, ಗಲ್ಲ ಹಿಡಿದು, ಎಲ್ಲರಿಗೂ ಕೇಳುವಂತೆ "ನನ್ನ ಮಗಳ ಹಂಗ ನೋಡ್ಕೋತೀನಿ," ಎಂದರು. ವರದಕ್ಷಿಣೆಯ ಮಾತು ಬಂದಾಗ ಕಿವಿ ಮುಚ್ಚಿಕೊಂಡರು. ಹುಡುಗನ ಕಡೆಯವರು ಇಷ್ಟು ವಿನಯದಿಂದ ಇರುವುದನ್ನು ಕಮಲಾಪುರ ಹಿಂದೆ ಕಂಡಿರಲಿಲ್ಲ. ಯಂಕಪ್ಪ ಸಾಲಿನಲ್ಲಿ ಕೂತು, "ರೋಗಾ ಐತಿ ಅಂತ ಗೊತ್ತಿದ್ರೂ ಹೆಣ್ಣು ತಗೊಂಡಾರ. ಮನಿತನ ಅಂದ್ರ ಇದು ನೋಡ್ರಿ," ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದ.

ಊಟಕ್ಕೆ ಬಡಿಸುತ್ತ ಬಂದ ಅನಸೂಯಾಬಾಯಿ ತಮ್ಮನ ಕಿವಿಯ ಹತ್ತಿರ ಬಾಗಿದಳು. ಅವಳ ಕಣ್ಣು ತುಂಬಿತ್ತು. "ಇಂದೂಬಾಯಿದು ಬಂಗಾರದಂಥಾ ಮನಸ್ಸು ಮುಕುಂದಾ. ನಮ್ಮದೆಲ್ಲಾ ಗೊತ್ತಿದ್ದೂ ಹೊಟ್ಟ್ಯಾಗ ಹಾಕ್ಕೊಂಡಾರ. ಜನ್ಮ ಇರೋತನ ಅವರಿಗೆ ತಲಿ ಬಾಗಸ್ತೀನಿ."

ಅವಳು ಮುಂದಿನ ಎಲೆಗೆ ಸರಿಯುವುದಕ್ಕೂ ಎದುರು ಸಾಲಿನಿಂದ ಇಂದೂಬಾಯಿ ತುಪ್ಪದ ಗಿಂಡಿ ಹಿಡಿದು ಬರುವುದಕ್ಕೂ ಸರಿಹೋಯಿತು. ಬೀಗರ ಮನೆಯ ಹಿರಿಯಳು ಬಡಿಸಲು ಎದ್ದದ್ದನ್ನು ಕಂಡು ಸಭೆ ಮತ್ತೊಮ್ಮೆ ಕರಗಿತು. ಅವರು ಮುಕುಂದನ ಎಲೆಗೆ ತುಪ್ಪದ ಧಾರೆ ಬಿಡುತ್ತ, ತುಟಿ ಅಲುಗಿಸದೆ ಕೇಳಿದರು.

"ಪಾಪ, ಏನೂ ತಿಳೀದ ಜನ. ನಮ್ಮ ಹದಿಮೂರರ ಮಾತು ಹೇಳಿಲ್ಲ, ಹೌದಲ್ರಿ?"

ಮುಕುಂದ ಇಬ್ಬರ ಕಡೆಗೂ ನೋಡಿದ. ಒಬ್ಬಳು ಇನ್ನೊಬ್ಬಳ ಔದಾರ್ಯ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು, ಇನ್ನೊಬ್ಬಳು ತಾನು ಮೋಸ ಮಾಡಿದವರ ಮೇಲಿನ ಮರುಕದಿಂದ ಕರಗಿಹೋಗಿದ್ದಳು. ಇಷ್ಟೊಂದು ಪ್ರೀತಿಯಿಂದ ಇಬ್ಬರು ಬೀಗಿತ್ತಿಯರು ಒಂದೇ ಪಡಸಾಲೆಯಲ್ಲಿ ಓಡಾಡಿದ್ದನ್ನು ಅವನು ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ನಿಜ ಹೇಳಿದರೆ ಉಳಿಯುವುದು ಏನು? ಬರೇ ಸರಾಸರಿ.

ಯಾರಿಗೂ, ಎಂದೆಂದಿಗೂ ಹೇಳುವುದಿಲ್ಲ ಎಂದು ಅವನು ಅಲ್ಲಿಯೇ ನಿರ್ಧರಿಸಿದ. ಅವ್ವನಿಗೂ ಇಲ್ಲ. ನಿರ್ಧಾರ ಬಾಯಿಗೆ ಬಂದು ಕೆಡದಿರಲೆಂದು ಒಂದು ಇಡೀ ಹೋಳಿಗೆಯನ್ನು ಮಡಿಸಿ ಬಾಯಿಗೆ ತುರುಕಿಕೊಂಡು, ಇಂದೂಬಾಯಿಯವರಿಗೆ ಇಲ್ಲವೆಂದು ತಲೆಯಾಡಿಸಿದ.